ಕರಡಿಯ ಎಂಜಲು

ಹದಿನೇಳನೆಯ ಕ್ಯಾಮೆರಾ. ಕೆನಿಯಾಮ್ ಹಳ್ಳದ ಮೇಲ್ದಂಡೆ,
ತುವಾಲಾಂಗ್ ಮರದ ಬೇರಿಗೆ ಬೆತ್ತದಿಂದ ಬಿಗಿದದ್ದು.
ಮೂರು ತಿಂಗಳಿಗೆ ಎರಡು ಸಾವಿರದ ನೂರಾ ಆರು ಚಿತ್ರ.
ಒಂದೊಂದಕ್ಕೂ ನಾನು ಹೆಸರಿಡಬೇಕು;
ಪರದೆಯ ಬದಿಯಲ್ಲಿ ನಾಲ್ಕೇ ಮನೆ:
ಪ್ರಾಣಿ. ಮನುಷ್ಯ. ವಾಹನ. ಖಾಲಿ.

ವಾಹನವಂತೆ!
ಇಲ್ಲಿಗೆ ವಾಹನ ಬರಬೇಕೆಂದರೆ
ದೋಣಿಯೇ ಗುಡ್ಡ ಹತ್ತಬೇಕು.

ಖಾಲಿ. ಖಾಲಿ. ಗಾಳಿಗೆ ತಲೆದೂಗಿದ ಜರಿಗಿಡ, ಖಾಲಿ.
ಗಾಜಿನ ಮೇಲೆ ನೆಟ್ಟಗೆ ನಿಂತ ಜಿಗಣೆ
(ಪ್ರಾಣಿಯೇ, ಆದರೆ ಲೆಕ್ಕಕ್ಕಿಲ್ಲ). ಖಾಲಿ.
ಮುಳ್ಳುಹಂದಿ, ಹಿಂದಿನಿಂದ.
ಅಂಗೈಯಗಲ ಬಿಸಿಲು, ಅದರಲ್ಲಿ ಯಾರೂ ಇಲ್ಲ. ಖಾಲಿ.

"ಎಲ್ಲಿದೆ ಖಾಲಿ?"
ಬೆನ್ನ ಹಿಂದೆ ಪಾಲಾಸ್.
ಬತೇಕ್ ಹೆಂಗಸು, ಪಾಲಾಸ್ ಎಲೆಯ ಮರೆಯಲ್ಲಿ ಹುಟ್ಟಿದ್ದಕ್ಕೆ ಅದೇ ಹೆಸರು.
ಬ್ಯಾಟರಿ ಬದಲಿಸಿ ಕಾರ್ಡು ಬಿಚ್ಚಿ ತರುವವಳು ಅವಳೇ,
ದಿನಗೂಲಿಗೆ, ಕೂಸನ್ನು ಕಟ್ಟಿಕೊಂಡು.
"ಆಗ ಈ ಎಲೆ ಕವುಚಿತ್ತು. ಈಗ ನೋಡು, ಅಂಗಾತ.
ತಾಪಿರ ದಾಟಿ ಹೋಗಿದೆ.
ನಿನ್ನ ಪೆಟ್ಟಿಗೆಗೆ ಕಣ್ಣು ಬಿಡುವುದೇ ತಡ."

ಆರುನೂರ ನಲವತ್ತೊಂದರಲ್ಲಿ ಒಂದು ಮೂಗು.
ನಲವತ್ತೆರಡರಲ್ಲಿ ಮೂಗೇ ಮೂಗು.
ನಲವತ್ತಮೂರು: ಗೇಣುದ್ದದ ನಾಲಿಗೆ, ಗುಲಾಬಿ, ತುದಿ ಸುರುಳಿ.
ಸೂರ್ಯಕರಡಿ ಮೇಲಿನ ಹೆಜ್ಜೇನು ಸಿಗದೆ
ನಮ್ಮ ಕಣ್ಣನ್ನೇ ನೆಕ್ಕಿ ನೋಡಿದೆ.
ರುಚಿಸಲಿಲ್ಲವೆಂಬುದು ನಲವತ್ತನಾಲ್ಕರ ಮುಖದಲ್ಲೇ ಬರೆದಿತ್ತು.

ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಪಾಲಾಸ್ ನಗಲಿಲ್ಲ.
ಪ್ರಾಣಿಯನ್ನು ಕಂಡು ನಗಬಾರದು; ಗೊಬಾರ್ ಕೇಳಿಸಿಕೊಳ್ಳುತ್ತಾನೆ.
ಕಲ್ಲಿನ ಮುಖ ಮಾಡಿಕೊಂಡು ಕಿಟಕಿಯಾಚೆಯ ಆಕಾಶ ನೋಡಿದಳು,
ಒಲೆಯ ಮೇಲೆ ಹಾಲಿಟ್ಟು ಬಂದವಳ ಹಾಗೆ.

ಅಲ್ಲಿಂದ ಮುಂದಕ್ಕೆ ಹನ್ನೊಂದು ದಿನ
ಕಾಡೆಲ್ಲ ಕರಡಿಯ ಎಂಜಲಿನೊಳಗಿಂದ.
ಎಂಜಲೊಣಗಿದ ಗಾಜಿನಲ್ಲಿ ಬೆಳಗೆಂದರೆ ಗಂಜಿ, ಮರಗಳು ಉಗಿ.
ಮಂಗಟ್ಟೆಯೋ ಮಂಗನೋ, ಒಂದು ಕಪ್ಪು.
ಚಿಪ್ಪುಹಂದಿ ಇರಬಹುದು, ಕಲ್ಲೂ ಇರಬಹುದು.

ಒಂಬತ್ತನೆಯ ರಾತ್ರಿ, ಎರಡು ಹದಿನೆಂಟಕ್ಕೆ,
ಆ ಮಬ್ಬಿನಲ್ಲಿ ಕಿತ್ತಳೆಯ ಒಂದು ಉದ್ದನೆಯ ಉಸಿರು.
ಎಡದಿಂದ ಬಲಕ್ಕೆ. ಒಂದೇ ಚಿತ್ರ.

ನನ್ನ ಬೆರಳು ಗುಂಡಿಯ ಮೇಲೇ ಉಳಿಯಿತು.
ಮೂರು ವರ್ಷದಿಂದ ನಾವು ಕಾದದ್ದು ಇವನಿಗೆ.
ತೆಂಬೆಲಿಂಗ್ ದಡದಲ್ಲಿ ನನ್ನಮ್ಮ ಇವನ ಹೆಸರೆತ್ತುವುದಿಲ್ಲ,
ಪಟ್ಟೆಯಜ್ಜ ಎನ್ನುತ್ತಾಳೆ, ಅದೂ ಬಾಗಿಲು ಹಾಕಿದ ಮೇಲೆ.
ಪಾಲಾಸ್ ಅಷ್ಟನ್ನೂ ಎನ್ನಲಿಲ್ಲ.
ಕೂಸಿನ ತಲೆಯ ಮೇಲೆ ಕೈಯಿಟ್ಟಳು, ಅಷ್ಟೇ.

ರುಸ್ಲಾನ್ ಸಾಹೇಬರು ಕನ್ನಡಕ ಏರಿಸಿದರು, ಇಳಿಸಿದರು.
"ಪಟ್ಟೆ ಎಣಿಸಲಾಗದಿದ್ದರೆ ಯಾವ ಹುಲಿ ಅಂತ ಬರೆಯಲಿ?
ಎಡಪಕ್ಕೆ ಸ್ಪಷ್ಟ ಬೇಕು. ಇದು ಕ್ವಾಲಾಲಂಪುರದಲ್ಲಿ ನಡೆಯೊಲ್ಲ."
ಹೀಗೆ ನಮ್ಮ ಹುಲಿ ಲೆಕ್ಕದಿಂದ ತಪ್ಪಿಸಿಕೊಂಡ,
ಒಂದು ಕರಡಿಯ ಚಪಲಕ್ಕೆ.

ಮಧ್ಯಾಹ್ನ ಸಿಡಿಲು.
ತಗಡಿನ ಮೇಲೆ ಮೊದಲು ಒಂದು ಹನಿ, ಆಮೇಲೆ ಎಣಿಕೆಯಿಲ್ಲ.
ಪಾಲಾಸ್ ಮಾತಿಲ್ಲದೆ ಬಂದು
ಕತ್ತರಿಯಿಂದ ನನ್ನ ತಲೆಯ ಒಂದೆಳೆ ಕತ್ತರಿಸಿ
ಜಗಲಿಯಲ್ಲಿ ನನ್ನದೇ ಲೈಟರಿನಲ್ಲಿ ಸುಟ್ಟಳು.
ಆ ಕಮಟು ವಾಸನೆಗೆ ಸಾಹೇಬರು ಕೆಮ್ಮಿದರು.
ನಾನು ಶುಕ್ರವಾರ ತಪ್ಪಿಸದ ಮನುಷ್ಯ;
ಆದರೂ ತಲೆ ಬಾಗಿಸಿಯೇ ಕೂತಿದ್ದೆ.

ಹನ್ನೆರಡನೆಯ ದಿನದ ಚಿತ್ರದಲ್ಲಿ ಅವಳೇ ಬರುತ್ತಾಳೆ.
ಅಗೆಯುವ ಕೋಲು, ಹೆಗಲಾಚೆ ಕೂಸಿನ ಒಂದು ಕಿವಿ.
ಬಗ್ಗುತ್ತಾಳೆ. ಗಾಜಿನ ಮೇಲಿನ ನಾಲಿಗೆಯ ಗುರುತು ಕಂಡಿದೆ.
ಮುಂದಿನದರಲ್ಲಿ ಬರೀ ಹೆಬ್ಬೆರಳು, ಉಜ್ಜುತ್ತಿದೆ.
ಅದರ ಮುಂದಿನದರಲ್ಲಿ ಕಾಡು ಮರಳಿ ತೊಳೆದಿಟ್ಟ ಹಾಗೆ,
ನಡುವೆ ಅವಳ ಮುಖ:
ತುಟಿ ಕಚ್ಚಿ ಹಿಡಿದಿದ್ದಾಳೆ, ಕೆನ್ನೆ ಎರಡೂ ಉಬ್ಬಿವೆ,
ಕಣ್ಣಲ್ಲಿ ನೀರು.
ಮೋಡಕ್ಕೆ ಕೇಳಿಸದಂತೆ ಎಷ್ಟು ನಕ್ಕಿರಬೇಡ!

ಮನುಷ್ಯ, ಎಂದು ಒತ್ತಿದೆ.
ಪರದೆ ಮರುಪ್ರಶ್ನೆ ಹಾಕಿತು:
ಪ್ರವಾಸಿ? ಸಿಬ್ಬಂದಿ? ಅಕ್ರಮ ಪ್ರವೇಶ?
ಹಾಗೇ ಬಿಟ್ಟು ಮುಂದಿನದಕ್ಕೆ ಹೋದೆ.
ಅವಳು ಹೋದ ಮೇಲಿನ ಚಿತ್ರ, ಯಾರೂ ಇಲ್ಲ.
ಎಲೆ ಅಂಗಾತವೋ ಕವುಚಿಯೋ ನೋಡುತ್ತಿದ್ದೇನೆ.
ಮಳೆ ಇನ್ನೂ ಬಿಟ್ಟಿಲ್ಲ.